ಬಾಣಬಿರುಸಿನ ಮೂರು ಇರುಳುಗಳು

ನೋಯ್ಡಾ ನಗರದಲ್ಲಿ ನೆಲಸಿರುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ಶರತ್ಕಾಲವು ಎರಡು ಬಗೆಯಾಗಿ ಬರುತ್ತದೆ. ಮನೆಯೊಳಗೆ ಅದು ಪಟ್ಟದ ಗೊಂಬೆಗಳೊಡನೆ, ಬೊಂಬೆ ಬಾಗಿನದೊಡನೆ, ಬನ್ನಿಯ ಎಲೆಯೊಡನೆ ಬರುತ್ತದೆ. ಹೊಸ್ತಿಲಿನಾಚೆ ಅದು ಬಿದಿರು ಕಾಗದಗಳ ರಾವಣನೊಡನೆ ಬರುತ್ತದೆ. 1976ರಲ್ಲಿ ಯಮುನೆಯ ಈ ದಡದ ಹೊಲಗದ್ದೆಗಳ ಮೇಲೆ ಎದ್ದುನಿಂತ ನಗರವಿದು. ಬಂದ ಬಂದವರು ಹೊತ್ತು ತಂದ ಹಬ್ಬಗಳೇ ಬಹುಪಾಲು ಇಲ್ಲಿನ ಹಬ್ಬಗಳು. ಅವರ ಹಬ್ಬವನ್ನು ನಾವು ನೋಡಲು ಹೋಗುತ್ತೇವೆ. ನಮ್ಮ ಗೊಂಬೆಗಳನ್ನು ನೋಡಲು ಅವರು ಬರುತ್ತಾರೆ.

ವಾಚಕ ಮಿತ್ರರಿಗೆ ಇಂದು ಹೇಳಬಯಸುವುದು 2023ನೆಯ ಇಸವಿಯ ಶರತ್ಕಾಲದ ಮೂರು ಇರುಳುಗಳ ಸಂಗತಿಯನ್ನು. ಅಕ್ಟೋಬರ್ 24ರ ವಿಜಯದಶಮಿಯಂದು ರಾವಣದಹನವನ್ನು ಮೈದಾನದಲ್ಲಿ ನಿಂತು ಕಂಡೆವು. ನವೆಂಬರ್ 4ರಂದು ಜಪಾನ್ ದೇಶದ ತ್ಸುಚಿಯುರ ಎಂಬ ಊರಿನ ಬಾಣಬಿರುಸಿನ ಉತ್ಸವವನ್ನು ಮೊಬೈಲಿನ ಪುಟ್ಟ ಪರದೆಯ ಮೇಲೆ ಕಂಡೆವು. ನವೆಂಬರ್ 12ರ ದೀಪಾವಳಿಯಂದು ನಮ್ಮ ಬಡಾವಣೆಯ ಪಟಾಕಿಯನ್ನು ನಮ್ಮದೇ ಕಿಟಕಿಯಿಂದ ಕಂಡೆವು. ಮೂರು ಸಲವೂ ನಮ್ಮ ಮಗ್ಗುಲಲ್ಲಿದ್ದವನು ಆರು ವರುಷದ ಮೊಮ್ಮಗ. ಬೆಳಕೆಂದರೆ ಅವನಿಗೆ ಪ್ರಾಣ, ಹೊಗೆಯೆಂದರೆ ಪ್ರಾಣಸಂಕಟ. ಹುಡುಗನಿಗೆ ಉಬ್ಬಸ.

ಮೈದಾನದಲ್ಲಿ

ನೋಯ್ಡಾದ ಸೆಕ್ಟರ್ 21-ಎ ಯಲ್ಲಿರುವ ಕ್ರೀಡಾಂಗಣದಲ್ಲಿ ವರ್ಷವರ್ಷವೂ ನಡೆಯುವ ರಾಮಲೀಲೆ ಪ್ರಸಿದ್ಧವಾದುದು. ಅಲ್ಲಿನ ಜನಸಂದಣಿಗೆ ಹುಡುಗನನ್ನು ಒಯ್ಯಲು ನಮಗೆ ಧೈರ್ಯ ಸಾಲಲಿಲ್ಲ. ಮನೆಗೆ ಸಮೀಪದಲ್ಲಿದ್ದ ಒಂದು ಸಣ್ಣ ಮೈದಾನವನ್ನು ಆರಿಸಿಕೊಂಡೆವು. ರಾವಣ, ಕುಂಭಕರ್ಣ, ಮೇಘನಾದ ಮೂವರೂ ಸಾಲಾಗಿ ನಿಂತಿದ್ದರು. ರಾವಣನ ಮೀಸೆಯೊಂದೇ ನಮ್ಮ ಮೊಮ್ಮಗನ ಎತ್ತರವಿತ್ತು.

ಈ ಪ್ರತಿಮೆಗಳನ್ನು ಕಟ್ಟುವುದು ಸಾಮಾನ್ಯ ಕೆಲಸವಲ್ಲ. ಪಶ್ಚಿಮ ದೆಹಲಿಯಲ್ಲಿ ಟ್ಯಾಗೋರ್ ಗಾರ್ಡನ್ನಿಗೆ ಸಮೀಪದ ತಿತಾರ್‌ಪುರವೆಂಬಲ್ಲಿ ದಸರೆಗೆ ವಾರಗಟ್ಟಲೆ ಮುಂಚಿನಿಂದ ರಸ್ತೆಯ ಮಗ್ಗುಲಲ್ಲೇ ರಾವಣರು ಹುಟ್ಟುವುದನ್ನು ನಾವು ಹಿಂದೆ ನೋಡಿದ್ದೇವೆ. ಬಿದಿರನ್ನು ಸೀಳಿ, ಬಾಗಿಸಿ, ತಂತಿಯಿಂದ ಬಿಗಿದು ಒಡಲನ್ನು ಕಟ್ಟುತ್ತಾರೆ. ಹಳೆಯ ಸೀರೆಗಳನ್ನೂ ಕಾಗದವನ್ನೂ ಮೈದಾಹಿಟ್ಟಿನ ಅಂಟಿನಿಂದ ಮೆತ್ತುತ್ತಾರೆ; ಮೇಲೆ ಬಣ್ಣದ ಕಾಗದದ ಉಡುಪು. ತಲೆಗಳು ಒಂದೆಡೆ, ಕೈಕಾಲುಗಳು ಒಂದೆಡೆ ಒಣಗುತ್ತಿರುತ್ತವೆ. ಬಿಡಿಬಿಡಿಯಾಗಿ ಲಾರಿಯೇರಿ ಮೈದಾನಕ್ಕೆ ಹೋದ ಮೇಲೆಯೇ ರಾವಣನು ಇಡಿಯಾಗುವುದು. ಇಷ್ಟು ದಿನಗಳ ದುಡಿಮೆ ಉರಿದುಹೋಗಲು ಕೆಲವೇ ನಿಮಿಷ ಸಾಕು.

ರಾಮನ ವೇಷದ ತರುಣನು ಬಾಣವನ್ನು ಬಿಟ್ಟೊಡನೆ ಬೆಂಕಿ ಕಾಲಿನಿಂದ ಮೇಲಕ್ಕೆ ಹರಿಯಿತು. ಒಡಲೊಳಗಿನ ಪಟಾಕಿಗಳು ಸಿಡಿದುವು. ಹಿಂದಿನಿಂದ ಒಂದರ ಮೇಲೊಂದು ಬಿರುಸುಗಳು ಆಕಾಶಕ್ಕೆ ನೆಗೆದು ಕೆಂಪು ಹಸುರು ಮಳೆಗರೆದುವು. ಸಾವಿರಾರು ಜನ ಒಂದೇ ಉಸಿರಿನಲ್ಲಿ ಜಯಘೋಷ ಮಾಡಿದರು. ಆ ಕ್ಷಣದ ಸೊಬಗನ್ನು ಅಲ್ಲಗಳೆಯುವ ಇಚ್ಛೆ ನಮಗಿಲ್ಲ. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಹುಡುಗನಿಗೆ ಸರಿಯಾಗಿ ಕಾಣಲಿಯೆಂದು ತಾವಾಗಿಯೇ ಅವನನ್ನು ಹೆಗಲಮೇಲೆ ಕೂರಿಸಿಕೊಂಡರು. ಹಬ್ಬವೆಂದರೆ ಇದೇ ಅಲ್ಲವೆ?

ಆದರೆ ಗಾಳಿಯಿರಲಿಲ್ಲ. ಹೊಗೆ ಮೇಲೇರುವ ಬದಲು ಮೈದಾನದ ಮೇಲೆಯೇ ಕಂಬಳಿಯಂತೆ ಹಾಸಿಕೊಂಡಿತು. ಹೆಗಲ ಮೇಲಿದ್ದ ಹುಡುಗ ಕೆಮ್ಮತೊಡಗಿದ. ಮೂಗುಬಾಯಿಗೆ ಕಟ್ಟಿದ್ದ ಮಾಸ್ಕು ಸಾಲದಾಯಿತು. ಅವನನ್ನು ಎತ್ತಿಕೊಂಡು ಹೊರಬಿದ್ದು, ಹೆದ್ದಾರಿಯನ್ನು ದಾಟಲು ಕಟ್ಟಿರುವ ಮೇಲುಸೇತುವೆಯನ್ನು ಹತ್ತಿದೆವು. ಉಳಿದ ಆಟವನ್ನು ಅಲ್ಲಿಂದಲೇ ನೋಡಿದೆವು. ಔಷಧವನ್ನು ಎರಡು ಬಾರಿ ಎಳೆದುಕೊಂಡ ಮೇಲೆ ಅವನ ಉಸಿರು ಹದಕ್ಕೆ ಬಂತು. ಕಬ್ಬಿಣದ ಕಟಕಟೆಗೆ ಮುಖವಿಟ್ಟು ಅವನು ಹೇಳಿದ ಮಾತು ಇದು: “ತಾತ, ಇಲ್ಲಿಂದಲೇ ಚೆನ್ನಾಗಿ ಕಾಣತ್ತೆ. ಮೊದಲೇ ಇಲ್ಲಿಗೆ ಬರಬಹುದಿತ್ತು.”

ದಾರಿಯಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿದ: “ನಮ್ಮ ಮನೆ ದಸರೇಲಿ ರಾವಣನೇ ಇಲ್ಲವಲ್ಲ, ಯಾಕೆ?” ನಮ್ಮ ಕಡೆ ದಸರೆಯೆಂದರೆ ಚಾಮುಂಡಿಯು ಮಹಿಷನನ್ನು ಗೆದ್ದ ಹಬ್ಬ, ಪಾಂಡವರು ಬನ್ನಿಯ ಮರದಿಂದ ಆಯುಧಗಳನ್ನು ಇಳಿಸಿಕೊಂಡ ಹಬ್ಬ ಎಂದು ವಿವರಿಸಿದೆವು. “ಹಾಗಾದರೆ ನಾವು ಯಾರನ್ನೂ ಸುಡೋದಿಲ್ಲವಾ?” ಎಂದ. ಸುಡುವುದಿಲ್ಲವೆಂದೆವು. ಅವನಿಗೆ ಸಮಾಧಾನವಾಯಿತೋ ನಿರಾಶೆಯಾಯಿತೋ ತಿಳಿಯಲಿಲ್ಲ.

ಸುಡದ ಊರು

ಆ ಪ್ರಶ್ನೆಯ ನೆನಪಿನಿಂದಲೇ ಮುಂದಿನ ಭಾನುವಾರ ಅವನನ್ನು ಬಿಸರಖ್ ಎಂಬ ಗ್ರಾಮಕ್ಕೆ ಕರೆದೊಯ್ದೆವು. ನೋಯ್ಡಾಕ್ಕೆ ಹೊಂದಿಕೊಂಡ ಗ್ರೇಟರ್ ನೋಯ್ಡಾದ ಪಶ್ಚಿಮ ಭಾಗದಲ್ಲಿ, ಮುಗಿಲೆತ್ತರದ ವಸತಿಗೃಹಗಳ ನಡುವೆ ಸಿಕ್ಕಿಕೊಂಡಿರುವ ಹಳ್ಳಿಯದು. ರಾವಣನ ತಂದೆ ವಿಶ್ರವಸ್ಸು ಮುನಿಯ ಹೆಸರಿನಿಂದಲೇ ಊರಿಗೆ ಆ ಹೆಸರು ಬಂತೆಂದೂ, ರಾವಣನು ಹುಟ್ಟಿದ್ದು ಅಲ್ಲಿಯೇ ಎಂದೂ ಊರವರ ನಂಬಿಕೆ. ಆ ಮುನಿ ಪೂಜಿಸಿದನೆಂದು ಹೇಳುವ ಶಿವಲಿಂಗದ ಗುಡಿಯೂ ಅಲ್ಲಿದೆ. ಹುಟ್ಟಿದೂರಿನ ಮಗನನ್ನು ಸುಡುವರುಂಟೆ? ಆದುದರಿಂದ ಬಿಸರಖಿನಲ್ಲಿ ಪರಂಪರೆಯಿಂದ ರಾವಣದಹನವಿಲ್ಲ. ಹಿಂದೆ ಆಚರಿಸಹೋದಾಗಲೆಲ್ಲ ಊರಿಗೆ ಕೇಡಾಯಿತೆಂದು ಹಿರಿಯರು ಹೇಳುತ್ತಾರೆ.

ಐತಿಹ್ಯದ ಸತ್ಯಾಸತ್ಯವನ್ನು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ಊರು ಊರಿಗೂ ಹಬ್ಬದ ರೀತಿ ಬೇರೆಯಾಗಬಹುದೆಂಬುದನ್ನು, ಬೆಂಕಿಯಿಲ್ಲದೆಯೂ ಒಂದು ಊರು ತನ್ನ ದಸರೆಯನ್ನು ಕಳೆಯಬಹುದೆಂಬುದನ್ನು ಹುಡುಗನು ಕಣ್ಣಾರೆ ಕಂಡ. ಮಾರನೆಯ ವರ್ಷ ನಮ್ಮ ಗೊಂಬೆಗಳ ಕೆಳಮೆಟ್ಟಿಲಿನಲ್ಲಿ, ಧಾನ್ಯದ ಶೆಟ್ಟಿಯ ಪಕ್ಕಕ್ಕೆ, ಹತ್ತು ತಲೆಯ ಒಂದು ಕಾಗದದ ರಾವಣ ಬಂದು ಕುಳಿತ. ಹಬ್ಬ ಮುಗಿದ ಮೇಲೆ ಅವನೂ ಪೆಟ್ಟಿಗೆ ಸೇರಿದ.

ತ್ಸುಚಿಯುರದ ನದೀತೀರ

ಹೀಗಿರಲು, ನವೆಂಬರ್ 4ರ ಶನಿವಾರ ಜಪಾನಿನಿಂದ ಕರೆ ಬಂತು. ಸ್ನೇಹಿತರೊಬ್ಬರ ಮಗಳು ತ್ಸುಕುಬಾ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಅದಕ್ಕೆ ಸಮೀಪದ ತ್ಸುಚಿಯುರ ಊರಿನಲ್ಲಿ ಶರತ್ಕಾಲದ ಬಾಣಬಿರುಸಿನ ಸ್ಪರ್ಧೆಯನ್ನು ನೋಡಲು ಗಂಡ ಮಕ್ಕಳೊಡನೆ ಹೋಗಿದ್ದಳು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಅಲ್ಲಿ ಇರುಳಿಳಿದಾಗ ಇಲ್ಲಿ ಇನ್ನೂ ಮಧ್ಯಾಹ್ನ. ಮಧ್ಯಾಹ್ನವೆಂದು ಹೇಳಿದೆವಷ್ಟೆ, ಆ ದಿನಗಳಲ್ಲಿ ದೆಹಲಿಯ ವಾಯುಮಾಲಿನ್ಯದ ಸೂಚ್ಯಂಕ 400ನ್ನು ಮೀರಿತ್ತು, ನೋಯ್ಡಾದ ಸೂರ್ಯನು ಬೂದಿಯಲ್ಲಿ ಹುಗಿದ ಕೆಂಡದಂತಿದ್ದ. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಹುಡುಗನನ್ನು ತೊಡೆಯಮೇಲೆ ಕೂರಿಸಿಕೊಂಡು, ಅಂಗೈಯಗಲದ ಗಾಜಿನಲ್ಲಿ ಆ ದೂರದ ಆಕಾಶವನ್ನು ನೋಡಿದೆವು.

ಟೋಕಿಯೋ ನಗರಕ್ಕೆ ಈಶಾನ್ಯದಲ್ಲಿ, ಕಸುಮಿಗಉರ ಸರೋವರದ ದಡದಲ್ಲಿರುವ ಊರು ತ್ಸುಚಿಯುರ. ಈಗ ಅಲ್ಲಿನ ಸಕುರ ನದಿಯ ತೀರದಲ್ಲಿ ನಡೆಯುವ ಈ ಉತ್ಸವವು 1925ರಲ್ಲಿ ಆರಂಭವಾಯಿತು. ಆರಂಭಿಸಿದವರು ಒಂದು ಬೌದ್ಧ ಮಂದಿರದ ಗುರುಗಳು. ಅಲ್ಲಿನ ನೌಕಾವಿಮಾನದಳದಲ್ಲಿ ಪ್ರಾಣವಿತ್ತವರ ಆತ್ಮಶಾಂತಿಗಾಗಿ, ಸುಗ್ಗಿಯ ಹೊತ್ತಿಗೆ ರೈತರ ದುಡಿಮೆಯನ್ನು ನೆನೆಯುವುದಕ್ಕಾಗಿ, ಕುಗ್ಗಿದ್ದ ಊರಿನ ವ್ಯಾಪಾರಕ್ಕೆ ಚೇತರಿಕೆ ನೀಡುವುದಕ್ಕಾಗಿ ಅವರು ಆಕಾಶದಲ್ಲಿ ದೀಪ ಹಚ್ಚಿಸಿದರು. ಇಂದು ದೇಶದ ನಾನಾ ಭಾಗಗಳಿಂದ ನುರಿತ ಕಸುಬುದಾರರು ಅಲ್ಲಿಗೆ ಬಂದು ತಮ್ಮ ಕೈಚಳಕವನ್ನು ಪಣಕ್ಕೊಡ್ಡುತ್ತಾರೆ. ನೋಡಲು ಲಕ್ಷಾಂತರ ಜನ ಸೇರುತ್ತಾರೆ.

ಜಪಾನೀಯರ ಭಾಷೆಯಲ್ಲಿ ಬಾಣಬಿರುಸಿಗೆ ‘ಹನಬಿ’ ಎಂದು ಹೆಸರು. ಬೆಂಕಿಯ ಹೂವೆಂದು ಅದರ ಅರ್ಥ. ಸ್ಪರ್ಧೆಯ ದೊಡ್ಡ ಗೋಲದ ಅಡ್ಡಳತೆ ಸುಮಾರು 30 ಸೆಂಟಿಮೀಟರು. ಅದು 300 ಮೀಟರಿಗೂ ಮೇಲಕ್ಕೇರಿ, ಹೆಚ್ಚುಕಡಮೆ ಅಷ್ಟೇ ಅಗಲಕ್ಕೆ ಸೇವಂತಿಗೆಯಂತೆ ಅರಳುತ್ತದೆ. ಎಸಳು ಎಸಳಿಗೂ ಬಣ್ಣ ಬದಲಾಗುವ ಗುಟ್ಟು ಗೋಲದೊಳಗೆ ಜೋಡಿಸಿರುವ ಮದ್ದಿನ ಗುಳಿಗೆಗಳಲ್ಲಿದೆ. ನಮ್ಮ ಹೆಂಗಸರು ಸಂಕ್ರಾಂತಿಗೆ ಎಳ್ಳಿನ ಕಾಳಿಗೆ ಸಕ್ಕರೆಪಾಕವನ್ನು ಪದರಪದರವಾಗಿ ಕೂಡಿಸಿ ಕುಸುರೆಳ್ಳು ಮಾಡುವುದಿಲ್ಲವೆ? ಹಾಗೆಯೇ ಅವರು ಒಂದು ಸಣ್ಣ ಕಾಳಿನ ಸುತ್ತ ಮದ್ದನ್ನು ಪದರಪದರವಾಗಿ ಉರುಳಿಸಿ, ಒಣಗಿಸಿ, ಮತ್ತೆ ಉರುಳಿಸಿ ಗುಳಿಗೆ ಕಟ್ಟುತ್ತಾರೆ. ಹೊರಪದರ ಉರಿದಾಗ ಒಂದು ಬಣ್ಣ, ಒಳಪದರ ಉರಿದಾಗ ಇನ್ನೊಂದು.

“ಅಂಕಲ್, ನಮ್ಮವರ್ಯಾರ ಕೈಯಲ್ಲೂ ಒಂದು ಕಡ್ಡಿಯೂ ಇಲ್ಲ, ಎಲ್ಲರೂ ಚಾಪೆ ಹಾಸಿಕೊಂಡು ಕೂತಿದ್ದೇವೆ,” ಎಂದಳು ಆ ಹುಡುಗಿ. ಸಿಡಿಸುವವರು ಪರಿಣತರು, ಜನರು ನೋಡುವವರು ಮಾತ್ರ. ಇಬ್ಬರ ನಡುವೆ ಸಾಕಷ್ಟು ಅಂತರ. ಎರಡು ಗಂಟೆಗೂ ಮೀರಿ ನಡೆದ ಆಟ ಮುಗಿಯಿತೆಂದರೆ ಮುಗಿಯಿತು. ಬಳಿಕ ಬೀದಿಬೀದಿಯಲ್ಲಿ ಪಟಾಕಿಯಿಲ್ಲ.

ಅವರಲ್ಲಿ ಅವಘಡವೇ ಆಗುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು. ಇದೇ ತ್ಸುಚಿಯುರದಲ್ಲಿ 2018ರಲ್ಲಿಯೂ 2019ರಲ್ಲಿಯೂ ಅಪಘಾತವಾಯಿತು. ಎರಡು ಸಲವೂ ಲಕ್ಷಾಂತರ ಜನ ಕಾದು ಕುಳಿತಿರುವಂತೆಯೇ ಉತ್ಸವವನ್ನು ನಡುವೆ ನಿಲ್ಲಿಸಿಬಿಟ್ಟರು. ಹೊತ್ತಿಸುವ ವಿದ್ಯೆಯಷ್ಟೇ ನಿಲ್ಲಿಸುವ ಮನಸ್ಸೂ ಅವರಲ್ಲಿದೆ. ನಮಗೆ ಮೆಚ್ಚಿಗೆಯಾದುದು ಇದೇ.

ನಮ್ಮ ಹಿರಿಯರ ಬಾಣಬಿರುಸು

ಪರದೇಶದ ಗುಣಗಾನ ಮಾಡಿ ಸ್ವದೇಶವನ್ನು ಹಳಿಯುವ ಚಾಳಿ ನಮ್ಮದಲ್ಲ. ಒಂದೆಡೆ ಸೇರಿ ಬಾಣಬಿರುಸು ನೋಡುವ ರೂಢಿ ಕನ್ನಡನಾಡಿನಲ್ಲಿಯೂ ಹಳೆಯದೇ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿನ ಮಹಾನವಮಿಯ ವೈಭವವನ್ನು ಬಣ್ಣಿಸುತ್ತ ಬಾಣಬಿರುಸುಗಳ ಬಗೆಗಳನ್ನೂ ಕೊಂಡಾಡಿದ್ದಾನೆ. ಇಂಥ ಉಲ್ಲೇಖಗಳನ್ನೆಲ್ಲ ಕಲೆಹಾಕಿ, 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ವಿದ್ವಾಂಸರಾದ ಪಿ. ಕೆ. ಗೋಡೆಯವರು ಬರೆದಿದ್ದಾರೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತನ್ನು ನೋಡಿದವರಿಗೆ ಗೊತ್ತು. ಇಡೀ ಊರು ಒಂದು ಕಡೆ ಕುಳಿತು ಒಂದೇ ಆಕಾಶವನ್ನು ನೋಡುವ ಸಂತೋಷವು ಮನೆಮನೆಯ ಮುಂದೆ ಸರಪಟಾಕಿ ಹಚ್ಚುವುದರಿಂದ ದೊರೆಯತಕ್ಕದ್ದಲ್ಲ.

ಈ ಮಾರ್ಗವನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೇ ತೋರಿಸಿಕೊಟ್ಟಿದೆ. 2015ರಲ್ಲಿ ದೆಹಲಿಯ ಮೂವರು ಹಸುಗೂಸುಗಳ ಹೆಸರಿನಲ್ಲಿ ಅವರ ತಂದೆಯರು ಶುದ್ಧವಾದ ಗಾಳಿಯ ಹಕ್ಕನ್ನು ಬೇಡಿ ನ್ಯಾಯಾಲಯದ ಮೆಟ್ಟಿಲೇರಿದರು. 2018ರ ಅಕ್ಟೋಬರ್ 23ರಂದು ಬಂದ ತೀರ್ಪು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಸಮಯವನ್ನು ಗೊತ್ತುಮಾಡಿತು, ಸರಪಟಾಕಿಯನ್ನು ನಿಷೇಧಿಸಿತು, ಕಡಮೆ ಹೊಗೆಯ ‘ಹಸುರು ಪಟಾಕಿ’ಗೆ ಮಾತ್ರ ಒಪ್ಪಿಗೆಯಿತ್ತಿತು. ರಾಜಧಾನಿ ಪ್ರದೇಶದಲ್ಲಿ ಮೊದಲೇ ಗೊತ್ತುಮಾಡಿದ ಮೈದಾನಗಳಲ್ಲಿ ಜನರು ಒಟ್ಟಾಗಿ ಸೇರಿ ಪಟಾಕಿ ಹಚ್ಚಬೇಕೆಂದೂ ಹೇಳಿತು. ಈ ಕೊನೆಯ ಮಾತನ್ನು ಬಹಳ ಮಂದಿ ಕೇಳಿಯೇ ಇಲ್ಲ.

ಒಂದು ಸ್ಥಳ, ಒಂದು ಗಂಟೆ

ನವೆಂಬರ್ 5ರ ಭಾನುವಾರ ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಭೆ ಸೇರಿತ್ತು. ಹಿಂಬಾಗಿಲಿನ ಕಡೆಯ ಬಯಲಿನಲ್ಲಿ, ರಾತ್ರಿ 8ರಿಂದ 9ರವರೆಗೆ ಎಲ್ಲರೂ ಒಟ್ಟಾಗಿ ದೀಪಾವಳಿಯ ಪಟಾಕಿ ಹಚ್ಚೋಣವೆಂದೂ, ಮೊಗಸಾಲೆ ಮಾಳಿಗೆಗಳಲ್ಲಿ ಹಚ್ಚುವುದು ಬೇಡವೆಂದೂ ನಮ್ಮ ಮುರುಕು ಹಿಂದಿಯಲ್ಲಿ ಸೂಚಿಸಿದೆವು.

ಎದುರುಮನೆಯ ನಿವೃತ್ತ ಸೇನಾಧಿಕಾರಿಗಳಿಗೆ ಸಿಟ್ಟು ಬಂತು. “ಹೊಲಗಳಲ್ಲಿ ಕೂಳೆ ಸುಡುವುದನ್ನು ಯಾರೂ ಕೇಳುವುದಿಲ್ಲ, ಲಾರಿ ಮೋಟಾರುಗಳ ಹೊಗೆಯನ್ನು ಯಾರೂ ಕೇಳುವುದಿಲ್ಲ. ವರ್ಷಕ್ಕೊಂದು ದಿನ ಮಕ್ಕಳು ಹಚ್ಚುವ ಸುರುಸುರುಬತ್ತಿಯೇ ಎಲ್ಲರ ಕಣ್ಣಿಗೆ ಬೀಳುವುದೇಕೆ?” ಎಂದರು. ಮಾತಿನಲ್ಲಿ ಸತ್ಯವಿಲ್ಲದಿರಲಿಲ್ಲ. ಈ ಪ್ರದೇಶದ ಹೊಗೆಗೆ ಪಟಾಕಿಯೊಂದೇ ಕಾರಣವೆಂದು ತಿಳಿದವರು ಹೇಳುವುದಿಲ್ಲ. ಮುಂಗಾರು ಹಿಂದೆಗೆದ ಮೇಲೆ ಗಾಳಿ ಬಲಗುಂದುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ, ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಂತು ಮುಚ್ಚಳ ಹಾಕಿದಂತಾಗುತ್ತದೆ. ಕೂಳೆಯ ಹೊಗೆ, ವಾಹನಗಳ ಹೊಗೆ, ಕಟ್ಟಡಗಳ ಧೂಳು ಎಲ್ಲವೂ ಆ ಮುಚ್ಚಳದಡಿ ಸೇರುತ್ತವೆ. ಆದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ ಅದೇ ಹೊತ್ತಿನಲ್ಲಿ ಪಟಾಕಿಯ ಹೊಗೆಯೂ ಬಂದು ಬೀಳುತ್ತದೆ. ಉಳಿದ ಹೊಗೆಗಳನ್ನು ನಿಲ್ಲಿಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಇದೊಂದು ಮಾತ್ರ ನಮ್ಮ ಕೈಯಲ್ಲಿಯೇ ಇದೆ ಎಂದೆವು.

“ನೀವು ದಕ್ಷಿಣದವರು, ದೀಪಾವಳಿ ನಿಮಗೇನು ಗೊತ್ತು?” ಎಂದು ಹಿಂದಿನಿಂದ ಯಾರೋ ಅಂದರು. ಆ ಮಾತು ನಾಟಿತು. ನರಕಚತುರ್ದಶಿಯ ಮುಂಜಾನೆ ಎಣ್ಣೆಯೊತ್ತಿಸಿಕೊಂಡು, ಹಂಡೆಯ ಬಿಸಿನೀರು ಮಿಂದು, ಊರಿನಲ್ಲಿ ಮೊದಲ ಪಟಾಕಿ ನಮ್ಮದಾಗಲಿ ಎಂದು ಬೀದಿಗೆ ಓಡುತ್ತಿದ್ದವರು ನಾವು. ಪಟಾಕಿಯ ಮೋಹ ನಮಗೆ ತಿಳಿಯದುದೇನಲ್ಲ. ಆದರೆ ಅದೇ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಗೆ ಬೆಂಕಿ ತಗುಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಹಲವರು ರಜೆಯಲ್ಲಿ ನಾಲ್ಕು ಕಾಸು ಸಂಪಾದಿಸಲೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯರು. ಆ ಸುದ್ದಿಯನ್ನು ಓದಿದ ಮೇಲೆ ಪಟಾಕಿಯ ಪೆಟ್ಟಿಗೆಯನ್ನು ಮುಟ್ಟುವಾಗ ಕೈ ಹಿಂದೆಗೆಯುತ್ತದೆ. ಇಷ್ಟನ್ನೂ ಹೇಳಿ ಕುಳಿತೆವು. ವಾದ ಬಹಳ ಹೊತ್ತು ನಡೆಯಿತು. ಕಡೆಗೆ, ಒಪ್ಪುವವರು ಬಯಲಿಗೆ ಬರಲಿ, ಒಪ್ಪದವರನ್ನು ಬಲವಂತಪಡಿಸುವುದು ಬೇಡ ಎಂದು ನಿಶ್ಚಯವಾಯಿತು.

ಹಬ್ಬಕ್ಕೆ ಎರಡು ದಿನ ಮುಂಚೆ ಮಳೆ ಬಿದ್ದು ಆಕಾಶ ತೊಳೆದಂತಾಯಿತು. ಗಾಳಿ ಶುದ್ಧವಾಯಿತಲ್ಲ, ಇನ್ನೇನು ಚಿಂತೆ ಎಂದು ಹಲವರು ಮನಸ್ಸು ಬದಲಿಸಿದರು. ಆದರೂ ದೀಪಾವಳಿಯ ರಾತ್ರಿ ಎಂಟಕ್ಕೆ ಸಮುಚ್ಚಯದ ಅರ್ಧದಷ್ಟು ಮನೆಯವರು ಬಯಲಿನಲ್ಲಿ ಸೇರಿದ್ದರು. ಎಲ್ಲರಿಗಿಂತ ಮೊದಲು ಬಂದು, ಎರಡು ಬಕೆಟ್ಟು ಮರಳು, ಎರಡು ಬಕೆಟ್ಟು ನೀರು ಇಡಿಸಿಕೊಂಡು, ಮಕ್ಕಳನ್ನು ಗೆರೆಯ ಹಿಂದೆ ನಿಲ್ಲಿಸುತ್ತಿದ್ದವರು ಯಾರೆಂದುಕೊಂಡಿರಿ? ನಮ್ಮನ್ನು ಗದರಿಸಿದ್ದ ಆ ಸೇನಾಧಿಕಾರಿಗಳೇ! ಹೂಕುಂಡಗಳು, ನೆಲಚಕ್ರಗಳು, ಕೆಲವು ಬಿರುಸುಗಳು. ಒಬ್ಬರ ಮನೆಯ ಬಿರುಸನ್ನು ಎಲ್ಲರೂ ನೋಡಿದರು. ಆದುದರಿಂದ ಮನೆಮನೆಗೂ ಕಟ್ಟುಕಟ್ಟು ಬೇಕಾಗಲಿಲ್ಲ. ಮೊಮ್ಮಗನು ಒಂಬತ್ತನೆಯ ಅಂತಸ್ತಿನ ಮುಚ್ಚಿದ ಕಿಟಕಿಯ ಹಿಂದೆ ನಿಂತು ನೋಡಿ, ತನಗೆ ಮೆಚ್ಚಿಗೆಯಾದುವನ್ನು ಬೆರಳು ಮಡಿಸಿ ಎಣಿಸಿದ.

ಒಂಬತ್ತರ ಬಳಿಕ ನಮ್ಮ ಬಯಲು ಕತ್ತಲಾಯಿತು. ಸುತ್ತಣ ಕಟ್ಟಡಗಳ ಮಾಳಿಗೆಗಳಲ್ಲಿ ಮಾತ್ರ ನಡುರಾತ್ರಿ ಕಳೆದರೂ ಸದ್ದಡಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಹುಡುಗನಿಗೆ ಉಬ್ಬಸ ಏರಿತು. ನೆಬ್ಯುಲೈಜರಿನ ಸದ್ದಿನಲ್ಲಿಯೇ ಬೆಳಗಾಯಿತು. ತಾಯಿ ಅವನನ್ನು ಎದೆಗೊರಗಿಸಿಕೊಂಡು ಕುಳಿತೇ ಇದ್ದಳು. ಒಂದು ಬಯಲಿನ ಶಿಸ್ತು ಇಡೀ ಊರಿನ ಹೊಗೆಯನ್ನು ತಡೆಯಲಾರದು. ಇದನ್ನು ವಾಚಕರಿಂದ ಮರೆಮಾಚಲು ನಾವು ಬಯಸುವುದಿಲ್ಲ.

ಮರುದಿನ ಸೇನಾಧಿಕಾರಿಗಳು ಸಿಹಿಯ ಪೆಟ್ಟಿಗೆ ಹಿಡಿದು ಬಂದರು. ಮಲಗಿದ್ದ ಹುಡುಗನನ್ನು ಬಾಗಿಲಲ್ಲಿಯೇ ನಿಂತು ಒಂದು ಗಳಿಗೆ ನೋಡಿ, “ಮುಂದಿನ ವರ್ಷ ಪಕ್ಕದ ಸಮುಚ್ಚಯದವರೊಡನೆ ನಾನೇ ಮಾತನಾಡುತ್ತೇನೆ,” ಎಂದು ಹೇಳಿ ಹೋದರು. ಹೇಳಿದಂತೆ ಮಾತನಾಡಿದರು ಕೂಡ.

ಆ ಮೇಲೆ ರಾಜಧಾನಿ ಪ್ರದೇಶದ ನಿಯಮಗಳು ಹಲವು ಸಲ ಬಿಗಿಯಾಗಿವೆ, ಸಡಿಲವಾಗಿವೆ. 2025ರ ಜನವರಿಯಲ್ಲಿ ಈ ಭಾಗಕ್ಕೆ ಪೂರ್ಣ ನಿಷೇಧ ಬಂತು. ಅದೇ ವರ್ಷದ ಅಕ್ಟೋಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ದೀಪಾವಳಿಗೂ ಅದರ ಮುನ್ನಾದಿನಕ್ಕೂ ಹಸುರು ಪಟಾಕಿಗೆ ಬೆಳಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಅವಕಾಶವಿತ್ತಿತು. ಆಜ್ಞೆಗಳು ಬದಲಾಗುತ್ತಿರುತ್ತವೆ, ಎಳೆಯರ ಪುಪ್ಪುಸ ಬದಲಾಗುವುದಿಲ್ಲ.

ಆದುದರಿಂದ ನೋಯ್ಡಾ, ಗಾಜಿಯಾಬಾದು, ಗುರುಗ್ರಾಮ, ದೆಹಲಿಗಳಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಹಬ್ಬ ಬಂದ ಮೇಲೆ ಜಗಳಕ್ಕೆ ನಿಲ್ಲುವುದು ಬೇಡ. ದಸರೆಯ ಗೊಂಬೆ ನೋಡಲು ನೆರೆಹೊರೆಯವರು ಮನೆಗೆ ಬರುತ್ತಾರಲ್ಲ, ಆಗಲೇ ಬೊಂಬೆ ಬಾಗಿನದೊಡನೆ ಈ ಮಾತನ್ನೂ ಅವರ ಕೈಗಿಡಿ. ಯಾವ ಬಯಲು, ಯಾವ ಗಂಟೆ, ಮರಳು ನೀರು ಇಡುವವರು ಯಾರು ಎಂಬುದನ್ನು ದೀಪಾವಳಿಗೆ ಮೂರು ವಾರ ಮುಂಚೆಯೇ ನಿಶ್ಚಯಿಸಿ. ನಿಮ್ಮ ಕಟ್ಟಡದಲ್ಲಿ ಮುಚ್ಚಿದ ಕಿಟಕಿಯ ಹಿಂದೆ ನಿಂತು ನೋಡುವ ಮಕ್ಕಳು, ಮುದುಕರು ಎಷ್ಟು ಮಂದಿ ಇದ್ದಾರೆಂದು ಒಮ್ಮೆ ವಿಚಾರಿಸಿ. ನಮ್ಮ ಮನೆಯ ಹುಡುಗನು ಈಗಲೂ ಹಬ್ಬ ಹತ್ತಿರ ಬಂದಾಗ ಕೇಳುವುದು ಒಂದೇ ಪ್ರಶ್ನೆ: “ಈ ಸಲ ನಾನೂ ಕೆಳಗೆ ಬರಬಹುದಾ, ತಾತ?”